ಸೀಟಿನ ಹಿಂದೆ ಒಂದು ಪಂಚರ್ ಅಂಗಡಿ

ಈ ವಾರದ ಸಂಚಿಕೆಯ ಬರಹ ರೂಪ ಇದು. ಬಸ್ಸಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ, ಮತ್ತೆ "ಕೇಳೋಕೆ ಪುರುಸೊತ್ತಿಲ್ಲ, ಓದೋಕೆ ಕೊಡಿ" ಅಂತ ಮೆಸೇಜ್ ಹಾಕೋರಿಗೆ.

ಭಾನುವಾರ ಬೆಳಗ್ಗೆ ಐದು ಗಂಟೆಗೆ ಸಹಕಾರನಗರದಿಂದ ಬಳ್ಳಾರಿ ರಸ್ತೆಗೆ ಇಳಿದರೆ ಕತ್ತಲಲ್ಲಿ ಮಿಣಮಿಣ ಅನ್ನೋ ಕೆಂಪು ದೀಪಗಳು ಸಾಲಾಗಿ ಯಲಹಂಕದ ಕಡೆ ಹೋಗ್ತಿರುತ್ತವೆ. ಎಲ್ಲಾ ಸೈಕಲ್ಲುಗಳು. ಕೆಲವರು ನಂದಿ ಬೆಟ್ಟಕ್ಕೆ, ಕೆಲವರು ದೇವನಹಳ್ಳಿವರೆಗೆ ಹೋಗಿ ಇಡ್ಲಿ ತಿಂದು ವಾಪಸ್. ಇವರಲ್ಲಿ ಟ್ರಯಥ್ಲಾನ್‌ಗೆ ತಯಾರಿ ಮಾಡೋರು, ಅಂದ್ರೆ ಒಂದೇ ದಿನ ಈಜಿ, ಸೈಕಲ್ ಹೊಡೆದು, ಆಮೇಲೆ ಓಡೋರು ಯಾರು ಅಂತ ಗುರುತು ಹಿಡಿಯೋದು ಸುಲಭ. ಹಿಂದಿನಿಂದ ನೋಡಬೇಕು ಅಷ್ಟೆ. ಸೀಟಿನ ಹಿಂದೆ ಎರಡು ಬಾಟಲಿ, ರಾಕೆಟ್‌ಗೆ ಎಂಜಿನ್ ಕಟ್ಟಿದ ಹಾಗೆ ಓರೆಯಾಗಿ ನಿಂತಿರುತ್ತವೆ. ಅದರ ಕೆಳಗೆ ಒಂದು ಪುಟ್ಟ ಚೀಲ. ಪಕ್ಕದಲ್ಲಿ ಬೆರಳುದ್ದದ ಎರಡು ಹೊಳೆಯೋ ಸಿಲಿಂಡರ್.

ಒಂದು ದಿನ ನಮ್ಮ ಅಜ್ಜಿ ನನ್ನ ಸೈಕಲ್ಲಿನ ಹಿಂಭಾಗ ನೋಡಿ, "ಏನೋ ಇದು, ಗ್ಯಾಸ್ ಸಿಲಿಂಡರ್ ಕಟ್ಕೊಂಡು ಹೋಗ್ತೀಯಾ?" ಅಂದರು. ನಕ್ಕೆ. ಆಮೇಲೆ ಯೋಚನೆ ಮಾಡಿದರೆ ಅಜ್ಜಿ ಹೇಳಿದ್ದು ಅಕ್ಷರಶಃ ಸರಿ. ಅದು ಗ್ಯಾಸ್ ಸಿಲಿಂಡರೇ. ಅದು ಅಲ್ಲಿಗೆ ಹೇಗೆ ಬಂತು ಅನ್ನೋದೇ ಇವತ್ತಿನ ಕಥೆ. ನಡುವೆ ನಾನೇ ಮಾಡಿದ ಒಂದು ಕೆಲಸ ಬರುತ್ತೆ, ಹೆಮ್ಮೆ ಪಡೋ ಅಂಥದ್ದಲ್ಲ, ಆದರೂ ಹೇಳ್ತೀನಿ.

ಮೊದಲು ಆ ಚೀಲದ ಒಳಗೆ ಏನಿದೆ ನೋಡಿಬಿಡೋಣ. ಒಂದು ಟ್ಯೂಬು, ಸುಮಾರು 100 ಗ್ರಾಂ. ಟೈರ್ ಬಿಚ್ಚೋಕೆ ಎರಡು ಪ್ಲಾಸ್ಟಿಕ್ ಲಿವರ್. ಸಣ್ಣ ಅಲೆನ್ ಕೀ ಗೊಂಚಲು. ಮತ್ತೆ ಆ ಸಿಲಿಂಡರ್‌ಗಳು. ಒಂದೊಂದರಲ್ಲೂ 16 ಗ್ರಾಂ ಕಾರ್ಬನ್ ಡೈಆಕ್ಸೈಡ್ ಇರುತ್ತೆ. ಹೊರಗೆ ಬಿಟ್ಟರೆ ಎಂಟು ಲೀಟರಿಗಿಂತ ಹೆಚ್ಚು ಗಾಳಿಯಾಗುತ್ತೆ, ರೇಸ್ ಸೈಕಲ್ಲಿನ ಸಣ್ಣ ಟೈರು ಎರಡು ಮೂರು ಸೆಕೆಂಡಲ್ಲಿ ಕಲ್ಲಿನ ಹಾಗೆ ಗಟ್ಟಿ. ಹೊರಬರುವಾಗ ಎಷ್ಟು ತಣ್ಣಗಾಗುತ್ತೆ ಅಂದ್ರೆ ಲೋಹದ ಮೇಲೆ ಹಿಮ ಕಟ್ಟುತ್ತೆ, ಬರಿಗೈಲಿ ಹಿಡಿದರೆ ಚರ್ಮ ಅಂಟಿಕೊಳ್ಳುತ್ತೆ. ಇನ್ನೊಂದು ವಿಷಯ, ಈ ಗ್ಯಾಸು ಟ್ಯೂಬಿನ ರಬ್ಬರ್ ಮೂಲಕ ಮಾಮೂಲಿ ಗಾಳಿಗಿಂತ ಬೇಗ ಸೋರಿಹೋಗುತ್ತೆ. ಮಾರನೇ ದಿನ ನೋಡಿದರೆ ಟೈರ್ ಮೆತ್ತಗಾಗಿರುತ್ತೆ. ಅಂದ್ರೆ ಇದು ಮನೆ ಮುಟ್ಟಿಸೋ ಗಾಳಿ, ಅಷ್ಟೆ.

ಬಿ.ಕಾಂ ಮಾಡಿದವನು ನಾನು, ಲೆಕ್ಕ ಹಾಕದೆ ಇರೋಕಾಗಲ್ಲ. ಎಲ್ಲಾ ಸೇರಿ ಹೆಚ್ಚುಕಮ್ಮಿ ಅರ್ಧ ಕೆಜಿ. 750 ಮಿಲಿಯ ಎರಡು ಬಾಟಲಿ ತುಂಬಿಸಿದರೆ ಇನ್ನೂ ಒಂದೂವರೆ ಕೆಜಿ. ಸೈಕಲ್ಲಿನ ತೂಕ ನೂರು ಗ್ರಾಂ ಇಳಿಸೋಕೆ ಸಾವಿರಾರು ರೂಪಾಯಿ ಸುರಿಯೋ ಜನ, ಸೀಟಿನ ಹಿಂದೆ ಎರಡು ಕೆಜಿ ಹೊತ್ತುಕೊಂಡು ಹೋಗ್ತಾರೆ. ಇದು ಪ್ರೀಮಿಯಂ. ವಿಮೆ ಕಂಪನಿ ಇಲ್ಲದ ಊರಲ್ಲಿ ನಿನ್ನ ವಿಮೆ ನೀನೇ ಹೊತ್ಕೋಬೇಕು.

ಆದರೆ ನಮ್ಮೂರಲ್ಲಿ ಈ ವಿಮೆ ಯಾಕೆ ಬೇಕು? ಮೂಲೆಗೊಂದು ಪಂಚರ್ ಅಂಗಡಿ ಇದೆಯಲ್ಲ?

ನಾನೂ ಹಾಗೇ ಅಂದ್ಕೊಂಡಿದ್ದೆ. ಹೊಸದಾಗಿ ಸೈಕಲ್ ತಗೊಂಡ ತಿಂಗಳು, ಚಿಕ್ಕಜಾಲದ ಹತ್ತಿರ ಹಿಂದಿನ ಟೈರ್ ಉಸ್ ಅಂತು. ಬೆಂಗಳೂರಿನ ರಸ್ತೆಗೆ ಇದು ಹೊಸದೇನಲ್ಲ. ಕೆಲವು ವರ್ಷದ ಹಿಂದೆ ಹೊರ ವರ್ತುಲ ರಸ್ತೆಯಲ್ಲಿ ಒಬ್ಬ ಇಂಜಿನಿಯರ್ ದಿನಾ ಆಫೀಸಿಗೆ ಹೋಗೋ ದಾರಿಯಲ್ಲಿ ಆಯಸ್ಕಾಂತ ಹಿಡಿದು ಕೆಜಿಗಟ್ಟಲೆ ಮೊಳೆ ಆರಿಸಿದ ಸುದ್ದಿ ನೆನಪಿರಬಹುದು. ನನ್ನ ಟೈರಿಗೆ ಸಿಕ್ಕಿದ್ದು ಮೊಳೆಯೋ ಗಾಜೋ, ಅದು ಬಿಡಿ. ಚೀಲ ಇರಲಿಲ್ಲ, ಟ್ಯೂಬ್ ಇರಲಿಲ್ಲ. ತಳ್ಕೊಂಡು ಹೋದೆ. ಸರ್ವಿಸ್ ರಸ್ತೆ ಪಕ್ಕ ಒಂದು ಅಂಗಡಿ ಸಿಕ್ತು. ಲಾರಿ ಟೈರ್ ನಿಲ್ಲಿಸಿ ಅದರ ಮೇಲೆ ಬಿಳಿ ಬಣ್ಣದಲ್ಲಿ "ಪಂಚರ್" ಅಂತ ಬರೆದಿರ್ತಾರಲ್ಲ, ಅಂಥದ್ದು. ಅಂಗಡಿಯವರು ಆಗ ತಾನೇ ಎದ್ದು ಮುಖ ತೊಳೀತಿದ್ರು.

"ಅಣ್ಣಾ, ಸ್ವಲ್ಪ ಪಂಚರ್ ಹಾಕ್ಕೊಡ್ತೀರಾ?"

ಟ್ಯೂಬ್ ಎಳೆದರು, ನೀರಿನ ಬಾಂಡ್ಲಿ ತಂದರು, ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಅಂಟಿಸಿದರು. ಐದು ನಿಮಿಷದ ಕೆಲಸ, ಕೈ ನೋಡ್ತಾ ಇರಬೇಕು ಅನ್ನಿಸೋ ಹಾಗಿತ್ತು. ಆಮೇಲೆ ಗಾಳಿ ಹೊಡೆಯೋಕೆ ಕಂಪ್ರೆಸರ್ ಪೈಪ್ ಹಿಡಿದರು. ಹಿಡಿಯೋಲ್ಲ. ತಿರುಗಿಸಿ ಹಿಡಿದರು. ಊಹೂಂ.

"ಏನಪ್ಪಾ ಇದು ವಾಲು? ಕಡ್ಡಿ ಥರ ಇದೆ. ಇದಕ್ಕೆಲ್ಲಾ ನಮ್ಮ ಹತ್ರ ಇಲ್ಲ ಕಣಪ್ಪ."

ಪಂಚರ್ ಹಾಕಿದ ದುಡ್ಡೂ ತಗೊಳ್ಳಲಿಲ್ಲ. ಕೆಲಸ ಪೂರ್ತಿ ಆಗಿಲ್ಲವಲ್ಲ ಅಂತ. ನಾನು ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕ್ಕೊಂಡು ಮನೆಗೆ ಬಂದೆ.

ಆ ಕಡ್ಡಿ ಥರದ ವಾಲ್ವ್‌ನ ಹೆಸರು ಪ್ರೆಸ್ಟಾ. ರೇಸ್ ಸೈಕಲ್ಲಿನ ಚಕ್ರದ ರಿಮ್ ತೆಳ್ಳಗೆ, ಅದರಲ್ಲಿ ದೊಡ್ಡ ತೂತು ಮಾಡಿದರೆ ರಿಮ್ ಬಲ ಕಳ್ಕೊಳ್ಳುತ್ತೆ, ಹಾಗಾಗಿ ವಾಲ್ವ್ ಕೂಡ ತೆಳ್ಳಗೆ. ನಮ್ಮ ಹಳೇ ಕಪ್ಪು ಸೈಕಲ್ಲಿನಲ್ಲಿ ಇರೋದು ಬೇರೆ, ಡನ್‌ಲಪ್ ಅಥವಾ ವುಡ್ಸ್ ವಾಲ್ವ್ ಅಂತಾರೆ. ಒಳಗೆ ಒಂದು ಪುಟ್ಟ ರಬ್ಬರ್ ಕೊಳವೆ ಇರುತ್ತೆ, ಹಳ್ಳಿ ಕಡೆಯವರಿಗೆ "ವಾಲ್ ಟ್ಯೂಬ್" ಅಂದ್ರೆ ತಕ್ಷಣ ಗೊತ್ತಾಗುತ್ತೆ. ಬೈಕು, ಕಾರು, ಲಾರಿಗೆ ಮೂರನೇದೊಂದು, ದಪ್ಪನೆಯದು. ಪಂಚರ್ ಅಂಗಡಿಯವರ ಹತ್ತಿರ ಎರಡನೇದಕ್ಕೂ ಮೂರನೇದಕ್ಕೂ ಪಂಪ್ ಇತ್ತು. ಮೊದಲನೇದಕ್ಕೆ ಇರಲಿಲ್ಲ. ಇಡೀ ದೇಶದ ಪಂಚರ್ ಅಂಗಡಿಗಳ ಜಾಲ ಕಣ್ಣೆದುರೇ ಇದೆ, ಆದರೆ ನನ್ನ ದುಬಾರಿ ಸೈಕಲ್ ಆ ಜಾಲದಿಂದ ಕೆಲವೇ ಮಿಲಿಮೀಟರ್‌ನಲ್ಲಿ ಹೊರಗೆ ಬಿದ್ದಿದೆ.

ಈ ಕಥೆ ಅಜ್ಜಿಗೆ ಹೇಳಿದಾಗ ಅವರು ಅಟ್ಟದಿಂದ ಒಂದು ಚೀಲ ತೆಗೆಸಿದರು. ತಾತನ ಸೈಕಲ್ಲಿನದು. ತಾತ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಜಾಲಹಳ್ಳಿ ಅಂದ್ರೆ 1953ರಲ್ಲಿ ಎಚ್‌ಎಂಟಿ, ಮಾರನೇ ವರ್ಷ ಬಿಇಎಲ್ ಬಂದ ಜಾಗ. ಆ ಕಾಲದ ಬೆಂಗಳೂರಲ್ಲಿ ಶಿಫ್ಟ್ ಬಿಡೋ ಹೊತ್ತು ಅಂದ್ರೆ ರಸ್ತೆ ತುಂಬಾ ಸೈಕಲ್. ನಗರಸಭೆಯ ಲೈಸೆನ್ಸ್ ಬಿಲ್ಲೆ ಇರಬೇಕು, ರಾತ್ರಿ ದೀಪ ಇರಬೇಕು, ಇಲ್ಲದಿದ್ರೆ ಪೊಲೀಸ್ ಹಿಡೀತಾರೆ. ತಾತನ ಚೀಲ ಚರ್ಮದ್ದು, ಈಗ ಒಣಗಿ ಹಲಗೆಯಾಗಿದೆ. ಸೀಟಿನ ಹಿಂದಿನ ಎರಡು ಕೊಂಡಿಗೆ ಬೆಲ್ಟ್ ಹಾಕಿ ನೇತು ಹಾಕೋದು. ಇಂಗ್ಲೆಂಡಿನ ಸೈಕಲ್ಲುಗಳ ಜೊತೆ ಬಂದ ಪದ್ಧತಿ ಇದು. ಆಮೇಲೆ ಮದ್ರಾಸು, ಆಸನ್ಸೋಲ್, ಲೂಧಿಯಾನದಲ್ಲಿ ನಮ್ಮವೇ ಸೈಕಲ್ ಕಾರ್ಖಾನೆಗಳು ಬಂದ ಮೇಲೂ ಉಳಿದುಕೊಂಡಿತು.

ಒಳಗೆ ಏನಿತ್ತು? ಡಂಬೆಲ್ ಆಕಾರದ ಒಂದು ಪಾನಾ, ಎರಡು ಉಂಡೆಯಲ್ಲೂ ಬೇರೆ ಬೇರೆ ಅಳತೆಯ ತೂತು. ಎಣ್ಣೆ ಬುಡ್ಡಿ. ಒಂದು ತುಂಡು ವಾಲ್ ಟ್ಯೂಬು, ಗರಿಗರಿಯಾಗಿ ಮುರಿದು ಹೋಗಿದೆ. ಅಷ್ಟೇ. ಪ್ಯಾಚಿಲ್ಲ, ಸೊಲ್ಯೂಷನ್ ಇಲ್ಲ, ಪಂಪಿಲ್ಲ.

"ಪಂಚರ್ ಆದ್ರೆ ತಾತ ಏನ್ ಮಾಡ್ತಿದ್ರು?"

"ಏನ್ ಮಾಡೋದು, ತಳ್ಕೊಂಡು ಹೋಗ್ತಿದ್ರು. ದಾರಿ ಉದ್ದಕ್ಕೂ ಸೈಕಲ್ ಶಾಪ್ ಇತ್ತಲ್ಲ."

ಈ ಉತ್ತರದಲ್ಲಿ ಎಲ್ಲಾ ಇದೆ ಅನ್ನಿಸ್ತು. ಸೀಟಿನ ಹಿಂದೆ ನೀನು ಏನು ಹೊತ್ಕೊಂಡು ಹೋಗ್ತೀಯ ಅನ್ನೋದು, ದಾರಿಯಲ್ಲಿ ನಿನಗೆ ಯಾರು ಸಿಗ್ತಾರೆ ಅಂತ ನೀನು ನಂಬಿದ್ದೀಯ ಅನ್ನೋದರ ಲೆಕ್ಕ. ತಾತನ ಚೀಲ ಖಾಲಿ, ಯಾಕಂದ್ರೆ ಅವರ ದಾರಿ ತುಂಬಿತ್ತು. ಅವರು ಹೊತ್ತಿದ್ದು ಕ್ಯಾರಿಯರ್ ಮೇಲೆ ಟಿಫನ್ ಡಬ್ಬಿ, ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದು. ಆ ಟ್ಯೂಬ್ ಪಟ್ಟಿ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಹಾಗಾದರೆ ಎಲ್ಲವನ್ನೂ ತಾನೇ ಹೊರಬೇಕು ಅನ್ನೋ ಯೋಚನೆ ಎಲ್ಲಿಂದ ಬಂತು? ಅದಕ್ಕೆ ಫ್ರಾನ್ಸಿಗೆ ಹೋಗಬೇಕು.

ಗಾಳಿ ತುಂಬಿದ ಟೈರನ್ನ 1888ರಲ್ಲಿ ಮಾಡಿದ್ದು ಬೆಲ್‌ಫಾಸ್ಟ್‌ನಲ್ಲಿದ್ದ ದನದ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲಿಗೆ. ಪಂಚರ್ ಅನ್ನೋ ಕಷ್ಟವೂ ಅದರ ಜೊತೆಗೇ ಹುಟ್ಟಿತು. ಶುರುವಿನಲ್ಲಿ ಟೈರ್ ಅಂಟಿಸಿಬಿಡ್ತಿದ್ರು, ರಿಪೇರಿಗೆ ಗಂಟೆಗಟ್ಟಲೆ ಬೇಕು. 1891ರಲ್ಲಿ ಮಿಶೆಲಿನ್ ಸೋದರರು ಬಿಚ್ಚಿ ಹಾಕಬಹುದಾದ ಟೈರ್ ತಂದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಬರೋ ಮೊದಲ ರೇಸನ್ನ ಆ ಟೈರ್ ಹಾಕಿದ್ದ ಶಾರ್ಲ್ ತೆರೋ ಗೆದ್ದ. ದಾರಿಯಲ್ಲೇ ರಿಪೇರಿ ಮಾಡ್ಕೊಂಡು ಮುಂದೆ ಹೋಗಬಹುದು ಅಂತ ಗೊತ್ತಾಯ್ತು. "ಮಾಡ್ಕೋಬಹುದು" ಅನ್ನೋದು "ಮಾಡ್ಕೋಲೇಬೇಕು" ಅಂತ ಆಗೋಕೆ ಒಬ್ಬ ಪತ್ರಿಕಾ ಸಂಪಾದಕ ಬೇಕಾಯ್ತು.

ಟೂರ್ ದ ಫ್ರಾನ್ಸ್ ಶುರು ಮಾಡಿದ ಆನ್ರಿ ದೆಗ್ರಾಂಜ್‌ಗೆ ಒಂದು ಹಠ. ಸವಾರ ಒಬ್ಬಂಟಿಯಾಗಿ ಗೆಲ್ಲಬೇಕು, ಬೇರೆ ಯಾರೂ ಕೈ ಹಚ್ಚಬಾರದು. ಆ ಕಾಲದ ಫೋಟೋ ನೋಡಿ, ಸವಾರರು ಎರಡೂ ಭುಜಕ್ಕೆ ಎಂಟರ ಆಕಾರದಲ್ಲಿ ಟೈರ್ ಸುತ್ಕೊಂಡಿರ್ತಾರೆ. ಜನಿವಾರದ ಥರ ಅಂದ್ರೆ ಯಾರಾದ್ರೂ ಬೈತೀರೇನೋ. ರೇಸ್ ಟೈರಿನಲ್ಲಿ ಟ್ಯೂಬನ್ನ ಒಳಗೇ ಇಟ್ಟು ಹೊಲಿದಿರ್ತಿದ್ರು, ಹಾಗಾಗಿ ಟ್ಯೂಬ್ ಒಂದೇ ಒಯ್ದರೆ ಆಗಲ್ಲ, ಇಡೀ ಟೈರೇ ಬೇಕು.

1913ರ ಜುಲೈ. ಪಿರನೀಸ್ ಬೆಟ್ಟದ ತೂರ್ಮಾಲೆ ಘಾಟಿ. ರೇಸ್ ಗೆಲ್ಲೋ ಅವಕಾಶ ಇದ್ದ ಯುಜೇನ್ ಕ್ರಿಸ್ಟೋಫ್‌ನ ಸೈಕಲ್ಲಿನ ಮುಂದಿನ ಫೋರ್ಕ್ ಇಳಿಜಾರಲ್ಲಿ ಮುರಿದುಹೋಯ್ತು. ಫೋರ್ಕ್ ಯಾರು ತಾನೇ ಭುಜಕ್ಕೆ ಸುತ್ಕೊಂಡಿರ್ತಾರೆ? ಸೈಕಲ್ ಹೊತ್ಕೊಂಡು ಹತ್ತು ಕಿಲೋಮೀಟರಿಗೂ ಹೆಚ್ಚು ಇಳಿದ. ಸೇಂಟ್ ಮರಿ ದ ಕಾಂಪಾಂ ಅನ್ನೋ ಹಳ್ಳಿಯಲ್ಲಿ ಒಂದು ಕುಲುಮೆ ಸಿಕ್ತು. ಕಮ್ಮಾರ ಮುಟ್ಟೋ ಹಾಗಿಲ್ಲ, ಅಧಿಕಾರಿಗಳು ಪಕ್ಕದಲ್ಲೇ ನಿಂತಿದ್ದಾರೆ. ಕ್ರಿಸ್ಟೋಫ್ ತಾನೇ ಕಬ್ಬಿಣ ಕಾಯಿಸಿ, ಬಡಿದು, ಬೆಸುಗೆ ಹಾಕಿದ. ಗಂಟೆಗಟ್ಟಲೆ ಹಿಡೀತು. ಎರಡೂ ಕೈ ಕೆಲಸದಲ್ಲಿದ್ದಾಗ ಅಲ್ಲಿದ್ದ ಒಬ್ಬ ಹುಡುಗ ತಿದಿ ಒತ್ತಿದ. ಅಷ್ಟಕ್ಕೆ ಹತ್ತು ನಿಮಿಷದ ದಂಡ! ಆಮೇಲೆ ಅದನ್ನ ಮೂರಕ್ಕೆ ಇಳಿಸಿದರು ಅನ್ನಿ. ರೇಸ್ ಅಂತೂ ಹೋಯ್ತು, ಕೊನೆಗೆ ಏಳನೇ ಸ್ಥಾನ.

ಆ ಹುಡುಗನದ್ದೇ ನನಗೆ ತಲೆಯಲ್ಲಿ ಕೂತುಬಿಟ್ಟಿದೆ. ಕುಲುಮೆಗೆ ಸೈಕಲ್ ಹೊತ್ಕೊಂಡು ಬಂದ ಒಬ್ಬ ಮನುಷ್ಯ, ಎರಡು ಕೈ ಸಾಲ್ತಿಲ್ಲ. ಹುಡುಗ ತಿದಿ ಒತ್ತದೆ ಇರ್ತಾನಾ? ನಮ್ಮ ಚಿಕ್ಕಜಾಲದವರು ಒತ್ತದೆ ಇರ್ತಿದ್ರಾ?

ರಸ್ತೆ ರೇಸ್‌ಗಳಲ್ಲಿ ಈ ಕಟ್ಟುನಿಟ್ಟು ಕ್ರಮೇಣ ಸಡಿಲವಾಯ್ತು. ಈಗ ತಂಡದ ಕಾರ್ ಹಿಂದೆ ಬರುತ್ತೆ, ಚಕ್ರ ಏನು, ಇಡೀ ಸೈಕಲ್ಲೇ ಬದಲಾಯಿಸಿ ಕೊಡ್ತಾರೆ. ಒಂಟಿತನದ ನಿಯಮ ಮತ್ತೆ ಗಟ್ಟಿಯಾಗಿ ಬೇರೂರಿದ್ದು ಟ್ರಯಥ್ಲಾನ್‌ನಲ್ಲಿ. ತಮಾಷೆ ಅಂದ್ರೆ ಅದು ಶುರುವಾಗಿದ್ದು ಪೂರ್ತಿ ಉಲ್ಟಾ.

1978ರ ಫೆಬ್ರವರಿ 18, ಹವಾಯಿ. ಅಮೆರಿಕನ್ ನೌಕಾಪಡೆಯ ಜಾನ್ ಕಾಲಿನ್ಸ್ ಅನ್ನೋರು ಓಟಗಾರ ಗಟ್ಟಿನಾ, ಈಜುಗಾರ ಗಟ್ಟಿನಾ, ಸೈಕಲ್ಲಿನವನಾ ಅನ್ನೋ ವಾದಕ್ಕೆ ಅಲ್ಲಿದ್ದ ಮೂರು ಸ್ಪರ್ಧೆಗಳನ್ನ ಒಂದೇ ದಿನಕ್ಕೆ ಜೋಡಿಸಿಬಿಟ್ಟರು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ ಪೂರ್ತಿ ಮ್ಯಾರಥಾನ್. ಇದೇ ಐರನ್‌ಮ್ಯಾನ್. ಹೊರಟವರು 15, ಮುಗಿಸಿದವರು 12. ನೀರಿನ ಸ್ಟಾಲ್ ಇಲ್ಲ, ಏನಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಸ್ನೇಹಿತರನ್ನ ಗಾಡಿಯಲ್ಲಿ ಕರ್ಕೊಂಡು ಬರಬೇಕಿತ್ತು. ಎರಡನೇ ಸ್ಥಾನ ಬಂದ ಜಾನ್ ಡನ್‌ಬಾರ್‌ನ ಸ್ನೇಹಿತರ ಹತ್ತಿರ ಓಟದ ನಡುವೆ ನೀರು ಖಾಲಿಯಾಗಿ, ಬಿಯರ್ ಕೊಟ್ಟರಂತೆ. ಗೆದ್ದ ಗಾರ್ಡನ್ ಹಾಲರ್‌ಗೆ 11 ಗಂಟೆ 46 ನಿಮಿಷ ಹಿಡಿದಿತ್ತು.

ಸ್ಪರ್ಧಿಗಳು ನೂರಾರು, ಆಮೇಲೆ ಸಾವಿರಾರು ಆದ ಮೇಲೆ ಅಷ್ಟೊಂದು ಗಾಡಿಗಳನ್ನ ರಸ್ತೆಗೆ ಬಿಡೋಕಾಗಲ್ಲ. ವೈಯಕ್ತಿಕ ಸಹಾಯಕರು ಬೇಡ ಅಂದರು, ಬದಲಿಗೆ ದಾರಿಯಲ್ಲಿ ಎಲ್ಲರಿಗೂ ನೀರು ಕೊಡೋ ಸ್ಟಾಲ್ ಇಟ್ಟರು. ಹೊರಗಿನವರ ಸಹಾಯ ಪಡೆದರೆ ಅನರ್ಹ. ಸ್ನೇಹಿತರ ಗಾಡಿಯಲ್ಲಿದ್ದ ಟ್ಯೂಬು, ಪಂಪು, ನೀರು ಎಲ್ಲಾ ಸೈಕಲ್ ಮೇಲೆ ಬಂತು.

ಸೈಕಲ್ ಮೇಲೆ ಎಲ್ಲಿ ಬೇಕಾದ್ರೂ ಇಡಬಹುದಿತ್ತಲ್ಲ, ಸೀಟಿನ ಹಿಂದೆಯೇ ಯಾಕೆ? ಗಾಳಿ ಕಾರಣ. 1980ರ ದಶಕದ ಕೊನೆಗೆ ಏರೋ ಬಾರ್ ಬಂತು. ಹ್ಯಾಂಡಲ್ ಮೇಲೆ ಮುಂದಕ್ಕೆ ಚಾಚಿದ ಎರಡು ಕೊಂಬು, ಅದರ ಮೇಲೆ ಮೊಣಕೈ ಇಟ್ಟು ಬಗ್ಗಿ ಕೂರೋದು. ಬೂನ್ ಲೆನನ್ ಅನ್ನೋ ಸ್ಕೀಯಿಂಗ್ ಕೋಚ್ ಮಾಡಿದ್ದು, ಇಳಿಜಾರಲ್ಲಿ ಸ್ಕೀ ಮಾಡೋರ ಭಂಗಿ ನೋಡಿ. ಟ್ರಯಥ್ಲಾನ್‌ನವರು ಮೊದಲೇ ಬಳಸ್ತಿದ್ರು, ಆದರೆ ಜಗತ್ತಿಗೆ ಗೊತ್ತಾಗಿದ್ದು 1989ರ ಟೂರ್ ದ ಫ್ರಾನ್ಸ್‌ನ ಕೊನೇ ದಿನ. 50 ಸೆಕೆಂಡ್ ಹಿಂದಿದ್ದ ಗ್ರೆಗ್ ಲೆಮಾಂಡ್ 24.5 ಕಿಲೋಮೀಟರ್‌ನಲ್ಲಿ ಅದನ್ನ ದಾಟಿ ಲೊರಾನ್ ಫಿನ್ಯೋನನ್ನ ಬರೀ 8 ಸೆಕೆಂಡಲ್ಲಿ ಸೋಲಿಸಿದ. ಅವತ್ತಿಂದ ಎಲ್ಲರೂ ಗಾಳಿಯ ಲೆಕ್ಕ ಹಾಕೋಕೆ ಶುರು. ಬಗ್ಗಿ ಕೂತವನ ಬೆನ್ನ ಹಿಂದೆ ಗಾಳಿ ಈಗಾಗಲೇ ಕದಡಿ ಹೋಗಿರುತ್ತೆ. ಅಲ್ಲಿ ಏನಾದ್ರೂ ಇಟ್ಟರೆ ಹೊಸದಾಗಿ ಅಡ್ಡಿಯಾಗೋದು ಕಡಿಮೆ. ಲಾರಿ ಹಿಂದೆ ಅಡಗಿ ಹೋಗೋ ಬೈಕಿನವರ ಥರ. ಹಾಗೆ ಮಾಡಬೇಡಿ ದಯವಿಟ್ಟು.

ಇದು ಟ್ರಯಥ್ಲಾನ್‌ನ ಸ್ವಂತ ಗುರುತು. ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಪ್ರಕಾರ ಬಾಟಲಿ ಫ್ರೇಮಿನ ಒಳಗಿನ ಎರಡು ಕಡೆ ಬಿಟ್ಟು ಬೇರೆಲ್ಲೂ ಇಡೋ ಹಾಗಿಲ್ಲ. ಬೆಂಗಳೂರಿನ ನವೀನ್ ಜಾನ್ ಟೈಮ್ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವರು. ಅವರು ಓಡಿಸೋ ಥರದ ಟೈಮ್ ಟ್ರಯಲ್ ಸೈಕಲ್ಲೂ ನನ್ನ ಸೈಕಲ್ಲೂ ದೂರದಿಂದ ಒಂದೇ ಥರ ಕಾಣಬಹುದು, ಸೀಟಿನ ಹಿಂದೆ ಬಾಟಲಿ ಕಟ್ಟಿದ ತಕ್ಷಣ ಬೇರೆ ಬೇರೆ ಜಾತಿ.

ಬಾಟಲಿಯ ಒಂದು ತೊಂದರೆ ಹೇಳಲೇಬೇಕು. ಅದು ಹಾರುತ್ತೆ. ಸೀಟಿನ ಹಿಂದಿನ ಜಾಗ ಹಿಂದಿನ ಚಕ್ರದ ನೇರ ಮೇಲಿದೆ, ಒಂದು ಹಂಪ್ ಹತ್ತಿ ಇಳಿದರೆ ಬಾಟಲಿ ಕವಣೆ ಕಲ್ಲಿನ ಹಾಗೆ ಚಿಮ್ಮುತ್ತೆ. ಕೊಡಿಗೇಹಳ್ಳಿ ಕಡೆಯ ಹಂಪ್‌ಗಳಲ್ಲಿ ನಾನು ಕಳ್ಕೊಂಡ ಬಾಟಲಿಗಳಲ್ಲಿ ಒಂದು ಸಣ್ಣ ಅಂಗಡಿ ತೆರೀಬಹುದಿತ್ತು. ಹಿಂದೆ ಬರೋನ ಚಕ್ರಕ್ಕೆ ಸಿಕ್ಕರೆ ಅವನು ಬೀಳ್ತಾನೆ, ತಮಾಷೆಯಲ್ಲ. ಕೊನೆಗೆ ನಾನು ಮಾಡಿದ್ದೇನು ಗೊತ್ತಾ? ಹಳೇ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡಿ ಬಾಟಲಿಗೆ ಸುತ್ತಿದೆ. ತಾತ ಟಿಫನ್ ಡಬ್ಬಿ ಕಟ್ಟಿದ ಹಾಗೆ. ಅಲ್ಲಿಂದ ಈಚೆಗೆ ಒಂದೂ ಹಾರಿಲ್ಲ.

ಎಲ್ಲಾ ಹೊತ್ಕೊಂಡು ಹೋದರೂ ಕೈ ಕೊಡೋ ದಿನ ಇರುತ್ತೆ. 2004ರಲ್ಲಿ ಹವಾಯಿ ಗೆದ್ದ ಜರ್ಮನಿಯ ನಾರ್ಮನ್ ಶ್ಟಾಡ್ಲರ್, 2005ರಲ್ಲಿ ಪಂಚರ್ ಆಗಿ ನಿಂತ. ಅವನದು ಅದೇ ಹಳೇ ಥರದ ಅಂಟಿಸೋ ಟೈರ್. ಅಂಟು ಎಷ್ಟು ಗಟ್ಟಿಯಾಗಿತ್ತು ಅಂದ್ರೆ ಕಿತ್ತು ತೆಗೆಯೋಕೇ ಆಗಲಿಲ್ಲ. ಟಿ.ವಿ. ಕ್ಯಾಮೆರಾ ಮುಂದೆ ಅತ್ತು, ಸೈಕಲ್ಲನ್ನೇ ರಸ್ತೆ ಪಕ್ಕಕ್ಕೆ ಎಸೆದ. ಮಾರನೇ ವರ್ಷ ವಾಪಸ್ ಬಂದು ಗೆದ್ದ ಅನ್ನೋದೂ ಹೇಳಬೇಕು.

ಇನ್ನೊಂದು 2008ರದ್ದು. ಬ್ರಿಟನ್ನಿನ ಕ್ರಿಸ್ಸಿ ವೆಲ್ಲಿಂಗ್ಟನ್, ಹಿಂದಿನ ವರ್ಷದ ಚಾಂಪಿಯನ್, ಮುಂದೆ ಹೋಗ್ತಿದ್ದಾರೆ. ಎರಡೂ ಕಡೆ ಕಪ್ಪು ಲಾವಾ ಕಲ್ಲು, ನೆತ್ತಿ ಸುಡೋ ಬಿಸಿಲು. ಪಂಚರ್. ಟ್ಯೂಬ್ ಬದಲಾಯಿಸಿದರು. ಸಿಲಿಂಡರ್ ಹಚ್ಚಿದರು, ಗ್ಯಾಸೆಲ್ಲಾ ಟೈರಿಗೆ ಹೋಗೋ ಬದಲು ಹೊರಗೆ ಹೋಗಿಬಿಡ್ತು. ಇದ್ದ ಸಿಲಿಂಡರ್ ಖಾಲಿ. ಮುಂದಿದ್ದವರು ಈಗ ರಸ್ತೆ ಪಕ್ಕ ನಿಂತು ಕೈ ಒಡ್ಡಿದ್ದಾರೆ. ಹಿಂದಿದ್ದವರು ಒಬ್ಬೊಬ್ಬರೇ ದಾಟಿ ಹೋಗ್ತಿದ್ದಾರೆ. ಆಗ ಆಸ್ಟ್ರೇಲಿಯಾದ ರೆಬೆಕಾ ಕೀಟ್, ಅವತ್ತಿನ ಎದುರಾಳಿಗಳಲ್ಲಿ ಒಬ್ಬರು, ತಮ್ಮ ಹತ್ತಿರ ಇದ್ದ ಸಿಲಿಂಡರ್ ಕೊಟ್ಟು ಹೋದರು. ಹತ್ತು ನಿಮಿಷದಷ್ಟು ಕಳ್ಕೊಂಡಿದ್ದ ವೆಲ್ಲಿಂಗ್ಟನ್ 9 ಗಂಟೆ 6 ನಿಮಿಷದಲ್ಲಿ ಮುಗಿಸಿ ಮತ್ತೆ ಗೆದ್ದರು.

ಇದು ನಿಯಮ ಉಲ್ಲಂಘನೆ ಅಲ್ಲ. ಹೊರಗಿನವರು ಕೊಡೋ ಹಾಗಿಲ್ಲ, ಆದರೆ ಸ್ಪರ್ಧೆಯಲ್ಲಿರೋರು ಒಬ್ಬರಿಗೊಬ್ಬರು ಟ್ಯೂಬು, ಪಂಪು, ನೀರು ಕೊಡಬಹುದು. ಕೊಟ್ಟವನೇ ಮುಂದೆ ಹೋಗೋಕಾಗದಂಥದ್ದು, ಅಂದ್ರೆ ಚಕ್ರ, ಇಡೀ ಸೈಕಲ್, ಅದನ್ನ ಕೊಡೋ ಹಾಗಿಲ್ಲ. 1913ರ ತಿದಿ ಹುಡುಗನಿಗೆ ಮುಚ್ಚಿದ್ದ ಬಾಗಿಲು, ಜೊತೆಗೆ ಓಡೋರಿಗೆ ಸಂದಿನಷ್ಟು ತೆರೆದಿದೆ.

ನಮ್ಮ ಕಡೆಯಿಂದ ಈ ಲೋಕಕ್ಕೆ ಮೊದಲೇ ಹೋದವರು ಅನು ವೈದ್ಯನಾಥನ್. ನಮ್ಮಲ್ಲಿ ಹೆಚ್ಚಿನವರಿಗೆ ಐರನ್‌ಮ್ಯಾನ್ ಅಂದ್ರೆ ಸಿನಿಮಾ ಮಾತ್ರ ಗೊತ್ತಿದ್ದ ಕಾಲದಲ್ಲಿ ಅವರು ಅದನ್ನ ಮುಗಿಸಿದ್ದರು. 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಮುಗಿಸಿದರು, ಮೂರು ದಿನದಲ್ಲಿ 10 ಕಿಲೋಮೀಟರ್ ಈಜು, 420ಕ್ಕೂ ಹೆಚ್ಚು ಸೈಕಲ್, 84 ಓಟ. ಅಲ್ಲಿ ನಿಯಮ ಮತ್ತೆ ಉಲ್ಟಾ, ಸಹಾಯಕ್ಕೆ ನಿಮ್ಮವರನ್ನ ಗಾಡಿ ಸಮೇತ ಕರ್ಕೊಂಡು ಬರಲೇಬೇಕು. 2019ರಲ್ಲಿ ಗೋವಾದಲ್ಲಿ ಐರನ್‌ಮ್ಯಾನ್‌ನ ಅರ್ಧ ದೂರದ ರೇಸ್ ಶುರುವಾದ ಮೇಲೆ ಬೆಂಗಳೂರಿಂದ ರೈಲು, ಬಸ್ಸು, ಕಾರಿನ ತಲೆ ಮೇಲೆ ಸೈಕಲ್ ಕಟ್ಕೊಂಡು ಹೋಗೋರು ಜಾಸ್ತಿಯಾದರು.

ಈಗ ನಾನು ಮಾಡಿದ ಕೆಲಸ.

ಸಮುದ್ರದ ದಡದ ಒಂದು ಊರು, ಅರ್ಧ ದೂರದ ರೇಸ್. 90 ಕಿಲೋಮೀಟರ್ ಸೈಕಲ್. ನನ್ನ ಚೀಲ ತುಂಬಿತ್ತು. ಟ್ಯೂಬ್ ಎರಡು, ಸಿಲಿಂಡರ್ ಮೂರು. ಚಿಕ್ಕಜಾಲದ ಪಾಠ. ಅರುವತ್ತನೇ ಕಿಲೋಮೀಟರ್ ಇರಬೇಕು, ರಸ್ತೆ ಪಕ್ಕ ಒಬ್ಬರು ನಿಂತಿದ್ದಾರೆ, ನಮ್ಮಪ್ಪನ ವಯಸ್ಸು. ಸೈಕಲ್ ತಲೆಕೆಳಗೆ ಮಾಡಿ ಇಟ್ಟಿದ್ದಾರೆ. ಬರೋರಿಗೆಲ್ಲಾ ಹೆಬ್ಬೆರಳು ಒತ್ತಿ ತೋರಿಸ್ತಿದ್ದಾರೆ, ಸಿಲಿಂಡರ್ ಇದೆಯಾ ಅಂತ. ನನ್ನ ವಾಚಲ್ಲಿ ಟೈಮ್ ಚೆನ್ನಾಗಿತ್ತು. ಕೆಳಗೆ ನೋಡಿದೆ. ಮುಂದೆ ಹೋದೆ. ಇನ್ನೂ 30 ಕಿಲೋಮೀಟರ್ ಇದೆ, ನನಗೇ ಪಂಚರ್ ಆದ್ರೆ ಅಂತ ಸಮಾಧಾನ ಹೇಳ್ಕೊಂಡೆ. ಪಂಚರ್ ಆಗಲಿಲ್ಲ. ಅಂದ್ಕೊಂಡ ಟೈಮಿಗಿಂತ ನಾಲ್ಕು ನಿಮಿಷ ಮೊದಲೇ ಮುಗಿಸಿದೆ. ಮೂರು ಸಿಲಿಂಡರ್, ಎರಡು ಟ್ಯೂಬು, ಹೊತ್ಕೊಂಡು ಹೋದ ಹಾಗೇ ವಾಪಸ್ ಬಂತು. ಸಂಜೆ ಆ ಅಂಕಲ್ ರೇಸಿನ ಬ್ಯಾಂಡ್ ಬಿಚ್ಚಿ ಜೇಬಿಗೆ ಹಾಕ್ಕೊಂಡು ಸೈಕಲ್ ತಳ್ಕೊಂಡು ಹೋಗ್ತಿದ್ದಿದ್ದು ಕಂಡೆ. ಅವರಿಗೆ ನನ್ನ ಗುರುತು ಸಿಗಲಿಲ್ಲ. ನಾನೂ ಮಾತಾಡಿಸಲಿಲ್ಲ.

ವೆಲ್ಲಿಂಗ್ಟನ್ ಕಥೆ ನಾನು ಓದಿದ್ದು ಅದಾದ ಮೇಲೆ. ಓದಿದಾಗ ಗೆದ್ದವರಿಗಿಂತ ಕೊಟ್ಟವರ ಹೆಸರೇ ಮನಸ್ಸಲ್ಲಿ ನಿಂತಿತು. ಮನೆ ವಿಳಾಸದಲ್ಲಿ ಸಹಕಾರನಗರ ಅಂತ ಬರ್ಕೊಂಡು ನಾನು ಮಾಡಿದ್ದು ನೋಡಿ.

ಮಾರನೇ ಭಾನುವಾರ ಚಿಕ್ಕಜಾಲಕ್ಕೆ ಹೋದೆ. ಪ್ರೆಸ್ಟಾ ವಾಲ್ವ್‌ಗೆ ಒಂದು ಹಿತ್ತಾಳೆಯ ಅಡಾಪ್ಟರ್ ಸಿಗುತ್ತೆ, ಕಡಲೆಬೀಜದಷ್ಟಿರುತ್ತೆ. ಕಡ್ಡಿ ವಾಲ್ವ್ ಮೇಲೆ ತಿರುಗಿಸಿದರೆ ಬೈಕಿನ ವಾಲ್ವ್ ಆಗುತ್ತೆ, ಯಾವ ಕಂಪ್ರೆಸರ್ ಆದ್ರೂ ಹಿಡಿಯುತ್ತೆ. ನಾಲ್ಕು ತಗೊಂಡಿದ್ದೆ. ಅಂಗಡಿಯವರಿಗೆ ಎರಡು ಕೊಟ್ಟೆ. ನನ್ನ ಸೈಕಲ್ಲಿಗೇ ಹಾಕಿ ತೋರಿಸಿದೆ. ಅವರು ಒಂದು ಸಲ ಬಿಚ್ಚಿದರು, ಹಾಕಿದರು, ಗಾಳಿ ಹೊಡೆದರು, ನಕ್ಕರು.

"ಇಷ್ಟೇನಾ? ಅವತ್ತು ಇಷ್ಟಕ್ಕೆ ನಿನ್ನ ಆಟೋ ಹತ್ತಿಸಿಬಿಟ್ನಾ?"

ಪ್ಯಾಚ್ ಡಬ್ಬಿ ಪಕ್ಕದ ಮೊಳೆಗೆ ತಂತಿ ಹಾಕಿ ನೇತು ಹಾಕಿದ್ದಾರೆ. ಹೋದ ತಿಂಗಳು ಹೋದಾಗ ಒಂದೇ ಇತ್ತು. ಇನ್ನೊಂದನ್ನ ಯಾರೋ ಹುಡುಗಿ, ನಂದಿಗೆ ಹೋಗ್ತಿದ್ದವಳು, ಮುಂದೆ ಬೇಕಾಗುತ್ತೆ ಅಂತ ಕೇಳಿದಳಂತೆ, ಕೊಟ್ಟು ಕಳಿಸಿದ್ದಾರೆ.

ನನ್ನ ಚೀಲದಲ್ಲಿ ಮಿಕ್ಕಿದ್ದ ಎರಡರಲ್ಲಿ ಒಂದನ್ನ ಅಲ್ಲೇ ಮೊಳೆಗೆ ಹಾಕಿ ಬಂದೆ.